ಉಸಿರುಗಟ್ಟಿದ ಗಡ್ಡೆಯ ಸುಳಿವುಗಳು

ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆದ ಕೆಲವು ದಿನಗಳಿಗೆ ಪೆಥಾಲಜಿ ವರದಿ ಮನೆಯವರ ಕೈಗೆ ಬರುತ್ತದೆ. ಗಡ್ಡೆ ಕರುಳಿನ ಗೋಡೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ, ಪಕ್ಕದ ಲಿಂಫ್ ಗ್ರಂಥಿಗಳ ಪೈಕಿ ಎಷ್ಟಕ್ಕೆ ಹರಡಿದೆ, ಕತ್ತರಿಸಿದ ಅಂಚು ಶುದ್ಧವಾಗಿದೆಯೇ ಎಂಬುದೆಲ್ಲ ಅದರಲ್ಲಿರುತ್ತದೆ. ಡಿಎನ್‌ಎ ದುರಸ್ತಿ ವ್ಯವಸ್ಥೆ ಸರಿಯಾಗಿದೆಯೇ, ಕಾಯಿಲೆ ಮುಂದುವರಿದಿದ್ದರೆ ಕೆಆರ್‌ಎಎಸ್ ಎಂಬ ಜೀನ್ ಕೆಟ್ಟಿದೆಯೇ ಎಂಬ ಪರೀಕ್ಷೆಗಳ ಫಲಿತಾಂಶವೂ ಸೇರುತ್ತದೆ. ಆದರೆ ಆ ಗಡ್ಡೆಯೊಳಗೆ ಆಮ್ಲಜನಕ ಎಷ್ಟಿತ್ತು ಎಂಬ ಬಗ್ಗೆ ವರದಿಯಲ್ಲಿ ಒಂದು ಸಾಲೂ ಇರುವುದಿಲ್ಲ.

ಇದು ಸಣ್ಣ ವಿಷಯ ಎಂದು ಬಿಟ್ಟದ್ದಲ್ಲ. ಆಮ್ಲಜನಕದ ಕೊರತೆ ಇರುವ ಗಡ್ಡೆ ರೇಡಿಯೇಷನ್‌ಗೆ ಸುಲಭವಾಗಿ ಬಗ್ಗುವುದಿಲ್ಲ, ಹಲವು ಔಷಧಿಗಳಿಗೂ ಜಗ್ಗುವುದಿಲ್ಲ, ಬೇರೆ ಅಂಗಗಳಿಗೆ ಹರಡುವ ಸಾಧ್ಯತೆಯೂ ಅದಕ್ಕೆ ಹೆಚ್ಚು. ರೇಡಿಯೇಷನ್ ಕುರಿತ ಮಾತಂತೂ ವೈದ್ಯವಿಜ್ಞಾನಕ್ಕೆ ಅರ್ಧ ಶತಮಾನಕ್ಕೂ ಮೊದಲೇ ಗೊತ್ತಿತ್ತು. ಕೊರತೆಯನ್ನು ಸೂಚಿಸುವ ಅಣುಗಳ ಪಟ್ಟಿಯೂ ಇದೆ, ಅವನ್ನು ಗುರುತಿಸುವ ವಿಧಾನಗಳೂ ಇವೆ. ಹಾಗಿದ್ದೂ ಅವು ವರದಿಗೆ ಏಕೆ ಬಂದಿಲ್ಲ? ಉತ್ತರ ಹುಡುಕುತ್ತ ಹೋದರೆ ಕ್ಯಾನ್ಸರ್ ಬಗ್ಗೆ ಎಷ್ಟು ತಿಳಿಯುತ್ತದೋ ಕರುಳಿನ ಬಗ್ಗೆಯೂ ಅಷ್ಟೇ ತಿಳಿಯುತ್ತದೆ.

ಮೊದಲು ಕೊರತೆ ಹೇಗೆ ಬರುತ್ತದೆ ಎಂದು ನೋಡೋಣ. ರಕ್ತನಾಳದಿಂದ ಹೊರಬಿದ್ದ ಆಮ್ಲಜನಕ ಜೀವಕೋಶದಿಂದ ಜೀವಕೋಶಕ್ಕೆ ಸೋಸಿಕೊಂಡು ಹೋಗಬೇಕು. ದಾರಿಯಲ್ಲಿ ಸಿಕ್ಕ ಪ್ರತಿ ಕೋಶವೂ ತನ್ನ ಪಾಲು ತೆಗೆದುಕೊಳ್ಳುತ್ತದೆ. ಹೀಗಾಗಿ ಅದು ಹೋಗಿ ಮುಟ್ಟುವ ದೂರ ಬಹಳ ಕಡಿಮೆ, ಮಿಲಿಮೀಟರ್‌ನ ಐದನೇ ಒಂದು ಭಾಗದೊಳಗೇ ಮುಗಿಯುತ್ತದೆ. ಬ್ರಿಟನ್ನಿನ ಥಾಮ್ಲಿನ್‌ಸನ್ ಮತ್ತು ಗ್ರೇ 1955ರಲ್ಲಿ ಶ್ವಾಸಕೋಶದ ಗಡ್ಡೆಗಳನ್ನು ಸೂಕ್ಷ್ಮದರ್ಶಕದಡಿ ಅಳೆದು ಇದನ್ನು ತೋರಿಸಿಕೊಟ್ಟರು. ಗಡ್ಡೆಯ ಎಳೆಗಳ ತ್ರಿಜ್ಯ 160 ಮೈಕ್ರಾನ್ ಮೀರದಿದ್ದರೆ ನಡುವೆ ಸತ್ತ ಭಾಗ ಇರಲಿಲ್ಲ. 200 ಮೈಕ್ರಾನ್ ದಾಟಿದ ಎಳೆಗಳಲ್ಲೆಲ್ಲ ನಡುಭಾಗ ಸತ್ತಿತ್ತು. ರೇಡಿಯೇಷನ್‌ನ ಪ್ರಮಾಣವನ್ನು ಇಂದು ಅಳೆಯುವ ‘ಗ್ರೇ’ ಮಾನಕ್ಕೆ ಆ ಹೆಸರು ಬಂದಿರುವುದು ಇದೇ ಲೂಯಿ ಹೆರಾಲ್ಡ್ ಗ್ರೇ ಅವರಿಂದ.

ಸತ್ತ ಕೋಶಗಳಿಂದ ತೊಂದರೆಯಿಲ್ಲ. ತೊಂದರೆ ಇರುವುದು ಬದುಕಿರುವ ಪದರಕ್ಕೂ ಸತ್ತ ಭಾಗಕ್ಕೂ ನಡುವಿನ ಗಡಿಯಲ್ಲಿ. ಅಲ್ಲಿನ ಕೋಶಗಳು ಸಾಯುವಷ್ಟು ಬಡವಾಗಿಲ್ಲ, ಆರಾಮವಾಗಿಯೂ ಇಲ್ಲ. ರೇಡಿಯೇಷನ್ ಡಿಎನ್‌ಎಗೆ ಮಾಡಿದ ಗಾಯ ಶಾಶ್ವತವಾಗಲು ಆಮ್ಲಜನಕ ಬೇಕು. ಅದಿಲ್ಲದ ಕೋಶವನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ಪ್ರಮಾಣ ಬೇಕಾಗುತ್ತದೆ. ಗುದನಾಳದ ಕ್ಯಾನ್ಸರ್‌ಗೆ ಆಪರೇಷನ್‌ಗೆ ಮುಂಚೆ ರೇಡಿಯೇಷನ್ ಕೊಡುವುದು ರೂಢಿ. ಆದ್ದರಿಂದ ಈ ಲೆಕ್ಕ ಕರುಳಿನ ವೈದ್ಯರಿಗೆ ನೇರವಾಗಿ ಸಂಬಂಧಿಸಿದ್ದು. ಸಾಲದ್ದಕ್ಕೆ ಗಡ್ಡೆ ತನಗಾಗಿ ಕಟ್ಟಿಕೊಳ್ಳುವ ರಕ್ತನಾಳಗಳು ಅಂಕುಡೊಂಕು, ಸೋರುವ ಗೋಡೆಯವು. ಒಂದು ಗಳಿಗೆ ತೆರೆದುಕೊಂಡರೆ ಇನ್ನೊಂದು ಗಳಿಗೆ ಕಟ್ಟಿಕೊಳ್ಳುತ್ತವೆ. ಹಾಗಾಗಿ ಕೊರತೆಯಲ್ಲೂ ಎರಡು ಬಗೆ. ನಾಳದಿಂದ ದೂರವಿರುವ ಕೋಶಗಳಿಗೆ ಅದು ದಿನವೂ ಇದ್ದದ್ದೇ. ನಾಳದ ಪಕ್ಕದಲ್ಲೇ ಇರುವ ಕೋಶಗಳಿಗೆ ಬಂದು ಹೋಗುವಂಥದ್ದು.

ಕೋಶಕ್ಕೆ ತನ್ನ ಸುತ್ತ ಆಮ್ಲಜನಕ ಕಡಿಮೆಯಾಗಿದೆ ಎಂದು ತಿಳಿಯುವುದು ಹೇಗೆ? ಇದನ್ನು ಬಿಡಿಸಿದ್ದಕ್ಕೆ ಬಾಲ್ಟಿಮೋರ್‌ನ ಗ್ರೆಗ್ ಸೆಮೆಂಜಾ, ಆಕ್ಸ್‌ಫರ್ಡ್‌ನ ಪೀಟರ್ ರ‍್ಯಾಟ್‌ಕ್ಲಿಫ್, ಬಾಸ್ಟನ್‌ನ ವಿಲಿಯಂ ಕೇಲಿನ್ ಅವರಿಗೆ 2019ರಲ್ಲಿ ನೊಬೆಲ್ ಬಂತು. ಕಥೆಯ ಕೇಂದ್ರದಲ್ಲಿರುವುದು ಹಿಫ್ ಎಂಬ ಪ್ರೋಟೀನ್. ಸೆಮೆಂಜಾ ಅದನ್ನು ಕಂಡದ್ದು ಕ್ಯಾನ್ಸರ್ ಹುಡುಕುತ್ತ ಅಲ್ಲ. ರಕ್ತದ ಕೆಂಪುಕಣ ಹೆಚ್ಚಿಸುವ ಎರಿಥ್ರೊಪೊಯೆಟಿನ್ ಹಾರ್ಮೋನಿನ ಜೀನ್ ಆಮ್ಲಜನಕ ಕಡಿಮೆಯಾದಾಗ ಹೇಗೆ ಎಚ್ಚರಗೊಳ್ಳುತ್ತದೆ ಎಂದು 1990ರ ದಶಕದ ಆರಂಭದಲ್ಲಿ ನೋಡುತ್ತಿದ್ದಾಗ.

ಹಿಫ್‌ನ ಆಲ್ಫಾ ಎಂಬ ತುಣುಕಿನ ವರ್ತನೆ ವಿಚಿತ್ರ. ಕೋಶ ಅದನ್ನು ಸದಾ ತಯಾರಿಸುತ್ತಲೇ ಇರುತ್ತದೆ, ಸದಾ ನಾಶ ಮಾಡುತ್ತಲೂ ಇರುತ್ತದೆ. ಆಮ್ಲಜನಕ ಸಾಕಷ್ಟಿದ್ದರೆ ಅದರ ಅರ್ಧಾಯುಷ್ಯ ಐದು ನಿಮಿಷದ ಆಸುಪಾಸು. ನಲ್ಲಿಯಿಂದ ನೀರು ಬೀಳುತ್ತ, ತಳದ ತೂತಿನಿಂದ ಅಷ್ಟೇ ವೇಗವಾಗಿ ಹೊರಗೆ ಹರಿಯುತ್ತ ಇರುವ ತೊಟ್ಟಿಯಲ್ಲಿ ನೀರು ನಿಲ್ಲದಂತೆ. ಆ ತೂತನ್ನು ತೆರೆದಿಡುವುದು ಆಮ್ಲಜನಕ. ಒಂದು ಬಗೆಯ ಕಿಣ್ವಗಳು ಆಮ್ಲಜನಕವನ್ನು ಬಳಸಿ ಹಿಫ್‌ಗೆ ಒಂದು ಗುರುತು ಅಂಟಿಸುತ್ತವೆ. ವಿಎಚ್‌ಎಲ್ ಎಂಬ ಇನ್ನೊಂದು ಪ್ರೋಟೀನ್ ಆ ಗುರುತನ್ನು ಹಿಡಿದು ಅದನ್ನು ನಾಶಕ್ಕೆ ಕಳಿಸುತ್ತದೆ. ಆಮ್ಲಜನಕ ಇಲ್ಲವಾದರೆ ಗುರುತು ಬೀಳುವುದಿಲ್ಲ, ತೂತು ಮುಚ್ಚುತ್ತದೆ, ತೊಟ್ಟಿ ತುಂಬುತ್ತದೆ. ತುಂಬಿದ ಹಿಫ್ ಕೋಶಕೇಂದ್ರಕ್ಕೆ ಹೋಗಿ ನೂರಾರು ಜೀನ್‌ಗಳನ್ನು ಚಾಲೂ ಮಾಡುತ್ತದೆ.

ಈ ವ್ಯವಸ್ಥೆಯನ್ನು ಬೇಕೆಂದೇ ಬಳಸಿಕೊಳ್ಳುವ ಔಷಧಿಗಳೂ ಬಂದಿವೆ. ಮೂತ್ರಪಿಂಡ ಕೆಟ್ಟವರ ರಕ್ತಹೀನತೆಗೆ 2022ರಲ್ಲಿ ಭಾರತದಲ್ಲಿ ಅನುಮತಿ ಸಿಕ್ಕ ಡೆಸಿಡುಸ್ಟಾಟ್ ಮಾತ್ರೆ ಮಾಡುವುದು ಇದನ್ನೇ. ಗುರುತು ಅಂಟಿಸುವ ಕಿಣ್ವವನ್ನು ತಡೆದು, ಹಿಫ್ ಏರುವಂತೆ ಮಾಡಿ, ದೇಹದಿಂದಲೇ ಎರಿಥ್ರೊಪೊಯೆಟಿನ್ ಹೊರಡಿಸುತ್ತದೆ.

ಗಡ್ಡೆಯೊಳಗೆ ಹಿಫ್ ಎಬ್ಬಿಸಿದ ಜೀನ್‌ಗಳ ಕೆಲಸಗಳೇ ನಮಗೆ ಸುಳಿವುಗಳಾಗುತ್ತವೆ. ಆಮ್ಲಜನಕವಿಲ್ಲದೆ ಸಕ್ಕರೆಯಿಂದ ಸಿಗುವ ಶಕ್ತಿ ಕಡಿಮೆ, ಆದ್ದರಿಂದ ಹೆಚ್ಚು ಸಕ್ಕರೆ ಬೇಕು. ಅದನ್ನು ಒಳಗೆ ಎಳೆಯುವ ಗ್ಲಟ್-1 ಎಂಬ ಪ್ರೋಟೀನ್ ಕೋಶದ ಮೈಮೇಲೆ ಹೆಚ್ಚುತ್ತದೆ. ಅರೆಬರೆ ಉರಿದ ಸಕ್ಕರೆಯಿಂದ ಲ್ಯಾಕ್ಟೇಟ್ ಮಾಡುವ ಎಲ್‌ಡಿಎಚ್ ಕಿಣ್ವ ಹೆಚ್ಚುತ್ತದೆ. ಒಳಗೆ ಸೇರುವ ಆಮ್ಲವನ್ನು ಸಂಭಾಳಿಸಲು ಕಾರ್ಬಾನಿಕ್ ಅನ್‌ಹೈಡ್ರೇಸ್-9, ಚಿಕ್ಕದಾಗಿ ಸಿಎ-9, ಕೋಶದ ಪೊರೆಯ ಮೇಲೆ ಬಂದು ಕೂರುತ್ತದೆ. ಅದರಿಂದ ಕೋಶದ ಒಳಗು ಸಮಸ್ಥಿತಿಯಲ್ಲಿ ಉಳಿಯುತ್ತದೆ, ಹೊರಗು ಹುಳಿಯಾಗುತ್ತದೆ. ಹೊಸ ರಕ್ತನಾಳಗಳನ್ನು ಕರೆಯಲು ವಿಇಜಿಎಫ್ ಹೊರಬೀಳುತ್ತದೆ. ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ತೆಳು ಹೋಳಿಗೆ ಈ ಪ್ರೋಟೀನ್‌ಗಳನ್ನು ಹುಡುಕಿ ಅಂಟುವ ಪ್ರತಿಕಾಯ ಹಾಕಿ ಬಣ್ಣ ಬರಿಸಿದರೆ, ಕೊರತೆಯಿರುವ ಪ್ರದೇಶಗಳು ಕಂದು ಮಚ್ಚೆಗಳಾಗಿ ಕಾಣುತ್ತವೆ.

ಈ ಸುಳಿವುಗಳಿಗೂ ರೋಗಿಯ ಭವಿಷ್ಯಕ್ಕೂ ನಿಜವಾದ ನಂಟಿದೆ. ಅಮೆರಿಕದಲ್ಲಿ ನರ್ಸ್‌ಗಳನ್ನೂ ಇತರ ಆರೋಗ್ಯ ವೃತ್ತಿಯವರನ್ನೂ ದಶಕಗಳ ಕಾಲ ಹಿಂಬಾಲಿಸಿದ ಎರಡು ದೊಡ್ಡ ಅಧ್ಯಯನಗಳಿವೆ. ಅವುಗಳಲ್ಲಿ ಕರುಳಿನ ಕ್ಯಾನ್ಸರ್ ಬಂದ 731 ಮಂದಿಯ ಗಡ್ಡೆಗಳನ್ನು ಬಣ್ಣ ಹಾಕಿ ನೋಡಿದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಹಿಫ್‌ನ ಒಂದು ಬಗೆಯಾದ ಹಿಫ್-1 ಆಲ್ಫಾ ಮಿತಿಮೀರಿದ್ದದ್ದು ಶೇಕಡ 19ರಷ್ಟು ಗಡ್ಡೆಗಳಲ್ಲಿ. ಆ ರೋಗಿಗಳು ಈ ಕ್ಯಾನ್ಸರ್‌ನಿಂದಲೇ ಸಾಯುವ ಸಂಭವ ಉಳಿದವರಿಗಿಂತ ಸ್ಪಷ್ಟವಾಗಿ ಹೆಚ್ಚಿತ್ತು. ಅದರ ಹತ್ತಿರದ ಸಂಬಂಧಿ ಹಿಫ್-2 ಆಲ್ಫಾ ಅರ್ಧಕ್ಕೆ ಹತ್ತಿರ ಗಡ್ಡೆಗಳಲ್ಲಿ ಹೆಚ್ಚಿದ್ದರೂ ಸಾವಿನ ಜೊತೆ ಅಂಥ ನಂಟು ತೋರಲಿಲ್ಲ. ಒಂದೇ ಕೊರತೆಗೆ ಏರಬೇಕಾದ ಎರಡು ಪ್ರೋಟೀನ್‌ಗಳು ಬೇರೆ ಬೇರೆ ಮಾತು ಹೇಳಿದವು ಎಂದಾಯಿತು. ಮುಂದಿನ ತೊಡಕುಗಳಿಗೆ ಇದೇ ಮೊದಲ ಸೂಚನೆ.

ಮೊದಲನೆಯ ತೊಡಕು ಕರುಳೇ. ಮೆದುಳೋ ಹೃದಯವೋ ಆಗಿದ್ದರೆ ಆಮ್ಲಜನಕ ಕಡಿಮೆಯಾದದ್ದು ಅಪಾಯದ ಗುರುತು ಎನ್ನಬಹುದು. ದೊಡ್ಡ ಕರುಳಿನಲ್ಲಿ ಕೊರತೆ ಆರೋಗ್ಯದ ಲಕ್ಷಣ. ಅದರ ಒಳಟೊಳ್ಳಿನಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ, ಗೋಡೆಯ ಆಳದ ಪದರಗಳಲ್ಲಿ ಸಾಕಷ್ಟು. ಮೇಲ್ಪದರದ ಕೋಶಗಳು ಈ ಎರಡರ ನಡುವೆ ಬದುಕುತ್ತವೆ. ಟೊಳ್ಳಿನಲ್ಲಿರುವ, ಗಾಳಿ ಬೇಡದ ಬ್ಯಾಕ್ಟೀರಿಯಾಗಳು ನಾವು ತಿಂದ ರಾಗಿ, ಕಾಳು, ಸೊಪ್ಪಿನ ನಾರನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲ ಕೊಡುತ್ತವೆ. ಕರುಳಿನ ಕೋಶಗಳಿಗೆ ಅದೇ ಮುಖ್ಯ ಇಂಧನ. ಅದನ್ನು ಉರಿಸಲು ಅವು ಆಮ್ಲಜನಕ ಸುಡುತ್ತವೆ, ಸುಟ್ಟಷ್ಟೂ ತಮ್ಮ ಸುತ್ತ ಕೊರತೆ ಮಾಡಿಕೊಳ್ಳುತ್ತವೆ, ಹಿಫ್ ಏರಿಸಿಕೊಳ್ಳುತ್ತವೆ. ಅಮೆರಿಕದ ಕೊಲೊರಾಡೊದಲ್ಲಿ ಶಾನ್ ಕೋಲ್ಗನ್ ಅವರ ಬಳಗ ತೋರಿಸಿದಂತೆ, ಈ ಹಿಫ್ ಕರುಳಿನ ಗೋಡೆಯನ್ನು ಬಿಗಿಯಾಗಿಡಲು ನೆರವಾಗುತ್ತದೆ. ಅಂದರೆ ಕರುಳಿನಲ್ಲಿ ಹಿಫ್ ಕಂಡ ಮಾತ್ರಕ್ಕೆ ಕಾಯಿಲೆ ಎನ್ನುವಂತಿಲ್ಲ. ಗಡ್ಡೆಯಲ್ಲಿ ಕಂಡದ್ದು ಗಡ್ಡೆ ಹೊಸದಾಗಿ ಮಾಡಿಕೊಂಡದ್ದೋ, ತಾನು ಹುಟ್ಟಿದ ಜಾಗದ ಹಳೆಯ ಅಭ್ಯಾಸವೋ ಎಂಬುದನ್ನು ಬಣ್ಣವೊಂದೇ ಹೇಳಲಾರದು.

ಸಿಎ-9 ವಿಷಯದಲ್ಲೂ ಇದೇ ಪಾಡು. ಮೂತ್ರಪಿಂಡದ ಆರೋಗ್ಯವಂತ ಅಂಗಾಂಶದಲ್ಲಿ ಅದು ಕಾಣುವುದಿಲ್ಲ, ಅದರಿಂದ ಅಲ್ಲಿ ಕಂಡರೆ ಅರ್ಥ ಗಟ್ಟಿ. ಆದರೆ ಜಠರದ ಆರೋಗ್ಯವಂತ ಪೊರೆಯಲ್ಲಿ ಸಿಎ-9 ಧಾರಾಳವಾಗಿದೆ. ಕರುಳಿನ ಗೋಡೆಯ ಗುಳಿಗಳಲ್ಲಿ, ಕೋಶಗಳು ಚುರುಕಾಗಿ ಇಬ್ಭಾಗವಾಗುವ ಕಡೆಯೂ ಇದೆ. ಫಿನ್ಲೆಂಡಿನ ಸಂಶೋಧಕರು 1998ರಲ್ಲಿ ಕರುಳಿನ ಗಡ್ಡೆಗಳಲ್ಲಿ ಅದನ್ನು ಹುಡುಕಿದಾಗ ಅವರಿಗೆ ಅದು ಆಮ್ಲಜನಕದ ಕೊರತೆಗಿಂತ ಕೋಶಗಳು ಹೆಚ್ಚುತ್ತಿರುವ ಗುರುತಾಗಿಯೇ ಕಂಡಿತ್ತು.

ಎರಡನೆಯ ತೊಡಕು ತೊಟ್ಟಿಯದ್ದು. ನೀರು ಏರಿದ್ದು ತೂತು ಮುಚ್ಚಿದ್ದರಿಂದಲೇ ಇರಬೇಕೆಂದಿಲ್ಲ. ನಲ್ಲಿಯನ್ನು ಜೋರಾಗಿ ತಿರುಗಿಸಿದರೂ ಏರುತ್ತದೆ. ಕರುಳಿನ ಕ್ಯಾನ್ಸರ್‌ಗಳ ಪೈಕಿ ನೂರಕ್ಕೆ ನಲವತ್ತರಷ್ಟರಲ್ಲಿ ಕೆಆರ್‌ಎಎಸ್ ಜೀನ್ ಕೆಟ್ಟಿರುತ್ತದೆ. ಕೆಟ್ಟ ಕೆಆರ್‌ಎಎಸ್ ಆಮ್ಲಜನಕ ಚೆನ್ನಾಗಿದ್ದಾಗಲೂ ಹಿಫ್-1 ಆಲ್ಫಾದ ತಯಾರಿಕೆಯನ್ನು ಹೆಚ್ಚಿಸಬಲ್ಲದು, ವಿಇಜಿಎಫ್ ಅನ್ನೂ ಏರಿಸಬಲ್ಲದು. ಮೂತ್ರಪಿಂಡದ ಸಾಮಾನ್ಯ ಬಗೆಯ ಕ್ಯಾನ್ಸರ್‌ನಲ್ಲಿ ವಿಎಚ್‌ಎಲ್ ಜೀನ್ ತಾನೇ ಕೆಟ್ಟುಹೋಗಿ ತೂತು ಶಾಶ್ವತವಾಗಿ ಮುಚ್ಚಿರುತ್ತದೆ. ಅಲ್ಲಿ ಗಡ್ಡೆಗೆ ಆಮ್ಲಜನಕ ಸಿಕ್ಕರೂ ಅದು ಸಿಗದಂತೆಯೇ ನಡೆದುಕೊಳ್ಳುತ್ತದೆ. ಬಣ್ಣದಲ್ಲಿ ಕಾಣುವುದು ನೀರಿನ ಮಟ್ಟ ಮಾತ್ರ. ಕಾರಣ ಕಾಣುವುದಿಲ್ಲ.

ಮೂರನೆಯ ತೊಡಕು ಆಪರೇಷನ್ ಕೋಣೆಯದ್ದು, ಇದರ ಬಗ್ಗೆ ಮಾತು ಕಡಿಮೆ. ಕರುಳಿನ ಗಡ್ಡೆ ತೆಗೆಯುವ ಶಸ್ತ್ರವೈದ್ಯರು ಮೊದಲು ಆ ಭಾಗಕ್ಕೆ ರಕ್ತ ತರುವ ಮುಖ್ಯ ನಾಳವನ್ನು ಕಟ್ಟುತ್ತಾರೆ. ಕರುಳನ್ನು ಬಿಡಿಸಿ ಹೊರತೆಗೆಯುವುದು ಆಮೇಲೆ. ಈ ನಡುವೆ ಗಡ್ಡೆಗೆ ರಕ್ತವಿಲ್ಲ, ಆದರೆ ಕೋಶಗಳು ದೇಹದ ಬಿಸಿಯಲ್ಲಿ ಬದುಕಿವೆ. ನಿಮಿಷಗಳಲ್ಲಿ ಏರುವ ಹಿಫ್‌ಗೆ ಇಷ್ಟು ಸಮಯ ಸಾಕು. ಅಲ್ಲಿಂದ ಮುಂದೆ ಫಾರ್ಮಲಿನ್‌ಗೆ ಹಾಕುವುದು ತಡವಾದರೆ ಇನ್ನಷ್ಟು ಗೊಂದಲ. ಸೂಕ್ಷ್ಮದರ್ಶಕದಡಿ ಕಂಡ ಕೊರತೆ ರೋಗಿಯ ಗಡ್ಡೆಯದ್ದೋ, ಕತ್ತರಿ ಹಾಕಿದ ಗಳಿಗೆಯದ್ದೋ? ಕೊಲೊನೋಸ್ಕೋಪಿಯಲ್ಲಿ ಮೊದಲೇ ತೆಗೆದ ಚೂರಿಗೆ ಈ ದೋಷವಿಲ್ಲ. ಆದರೆ ಆ ಚೂರು ಸಿಗುವುದು ಗಡ್ಡೆಯ ಮೇಲ್ಮೈಯಿಂದ, ಅಂದರೆ ಆಮ್ಲಜನಕವಿಲ್ಲದ ಕರುಳಿನ ಟೊಳ್ಳಿಗೆ ಮುಖಮಾಡಿದ ಕಡೆಯಿಂದ. ಒಳಗಿನ ಸ್ಥಿತಿ ಬೇರೆಯಿರಬಹುದು.

ಕಾಲದ ಲೆಕ್ಕವೂ ಸೇರಿದರೆ ಚಿತ್ರ ಇನ್ನೂ ಸಿಕ್ಕಾಗುತ್ತದೆ. ಆಮ್ಲಜನಕ ಮರಳಿದರೆ ಹಿಫ್ ನಿಮಿಷಗಳಲ್ಲಿ ಮಾಯ. ಸಿಎ-9 ಮಾತ್ರ ಒಂದು ದಿನಕ್ಕೂ ಹೆಚ್ಚು ಕಾಲ ಕೋಶದ ಮೇಲೆ ಉಳಿಯಬಲ್ಲದು. ಒಂದು ಈಗಿನ ಸ್ಥಿತಿ ಹೇಳುತ್ತದೆ, ಇನ್ನೊಂದು ನಿನ್ನೆಯದ್ದನ್ನೂ ಸೇರಿಸಿ ಹೇಳುತ್ತದೆ. ಒಂದೇ ಹೋಳಿನಲ್ಲಿ ಎರಡೂ ಬೇರೆ ಬೇರೆ ಕಡೆ ಬಣ್ಣ ಪಡೆದರೆ ಪ್ರಯೋಗಾಲಯದ ತಪ್ಪೆಂದು ಭಾವಿಸಬೇಕಾಗಿಲ್ಲ.

ಹಾಗಾದರೆ ಆಮ್ಲಜನಕವನ್ನೇ ನೇರವಾಗಿ ಅಳೆಯಬಾರದೇ? ಗರ್ಭಕಂಠದ ಗಡ್ಡೆಗಳಿಗೆ ಸೂಜಿಯಂಥ ಎಲೆಕ್ಟ್ರೋಡ್ ಚುಚ್ಚಿ ಜರ್ಮನಿಯ ಮೈಂಜ್‌ನಲ್ಲಿ 1990ರ ದಶಕದಲ್ಲಿ ಅಳೆದಿದ್ದರು. ಆಮ್ಲಜನಕದ ಒತ್ತಡ 10 ಮಿಲಿಮೀಟರ್ ಪಾದರಸಕ್ಕಿಂತ ಕೆಳಗಿದ್ದ ಗಡ್ಡೆಗಳ ರೋಗಿಗಳಿಗೆ ಕಾಯಿಲೆ ಮರುಕಳಿಸುವುದು ಹೆಚ್ಚು ಎಂದು ಗೊತ್ತಾದದ್ದು ಹಾಗೆ. ಹೊಟ್ಟೆಯೊಳಗಿನ ಕರುಳಿಗೆ ಹೀಗೆ ಸುಲಭವಾಗಿ ಚುಚ್ಚಲಾಗದು. ಪಿಮೊನಿಡಜೋಲ್ ಎಂಬ ರಾಸಾಯನಿಕವನ್ನು ಆಪರೇಷನ್‌ಗೆ ಮುಂಚೆ ರೋಗಿಗೆ ಕೊಡುವ ವಿಧಾನ ಇನ್ನೊಂದು. ಆಮ್ಲಜನಕ ತೀರ ಕಡಿಮೆಯಿರುವ ಜೀವಂತ ಕೋಶಗಳಲ್ಲಿ ಮಾತ್ರ ಅದು ಅಂಟಿ ಕೂರುತ್ತದೆ. ಸಂಶೋಧನೆಗೆ ಒಳ್ಳೆಯದು, ದಿನನಿತ್ಯದ ಆಸ್ಪತ್ರೆಗೆ ತೊಡಕಿನದು. ಪಿಇಟಿ ಸ್ಕ್ಯಾನ್‌ಗೆ ಇಂಥದೇ ವಿಕಿರಣಶೀಲ ಅಣುಗಳಿವೆ. ಆದರೆ ಸ್ಕ್ಯಾನ್ ಬಿಡಿಸಿ ತೋರಿಸಬಲ್ಲ ಅತಿ ಚಿಕ್ಕ ಅಳತೆ ಮಿಲಿಮೀಟರ್‌ಗಳಲ್ಲಿ. ಕೊರತೆ ಹುಟ್ಟುವುದು ಅದಕ್ಕಿಂತ ಎಷ್ಟೋ ಪಟ್ಟು ಸಣ್ಣ ಅಂತರದಲ್ಲಿ.

ಆದ್ದರಿಂದ ಸಂಶೋಧನೆ ಒಂದೊಂದೇ ಪ್ರೋಟೀನ್ ಬಿಟ್ಟು ಗುಂಪಿನತ್ತ ತಿರುಗಿದೆ. ಕೊರತೆ ಬಂದಾಗ ಒಟ್ಟಿಗೆ ಏಳುವ ಹತ್ತಾರು ಜೀನ್‌ಗಳ ಚಟುವಟಿಕೆಯನ್ನು ಒಮ್ಮೆಗೇ ಅಳೆದು ಒಂದು ಅಂಕ ಕೊಡುವ ಪಟ್ಟಿಗಳನ್ನು ಬ್ರಿಟನ್, ಡೆನ್ಮಾರ್ಕ್ ಮೊದಲಾದ ಕಡೆ ರೂಪಿಸಿದ್ದಾರೆ. ಒಂದು ಜೀನ್ ಬೇರೆ ಕಾರಣಕ್ಕೆ ಏರಿದ್ದರೂ ಉಳಿದವು ತಾಳೆಯಾಗದಿದ್ದರೆ ಅಂಕ ಕೆಳಗೇ ಉಳಿಯುತ್ತದೆ ಎಂಬುದು ಲಾಭ. ಆದರೆ ಈ ಪಟ್ಟಿಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಗಂಟಲು, ಸ್ತನದ ಗಡ್ಡೆಗಳ ಅಧ್ಯಯನದಿಂದ. ಹುಟ್ಟಿನಿಂದಲೇ ಕಡಿಮೆ ಆಮ್ಲಜನಕದಲ್ಲಿ ಬೆಳೆದ ಕರುಳಿಗೆ ಅವು ಎಷ್ಟು ಹೊಂದುತ್ತವೆ ಎಂಬುದನ್ನು ಕರುಳಿನಲ್ಲೇ ಪರೀಕ್ಷಿಸಿ ಒಪ್ಪಬೇಕು.

ಇಷ್ಟೆಲ್ಲ ಪರದಾಟ ಏಕೆ ಎಂದು ಕೇಳುವವರಿಗೆ ಎರಡು ಔಷಧಿಗಳ ಕಥೆ ಉತ್ತರ ಕೊಡುತ್ತದೆ. ವಿಇಜಿಎಫ್ ಅನ್ನು ಹಿಡಿದು ಕಟ್ಟಿಹಾಕುವ ಬೆವಾಸಿಜುಮ್ಯಾಬ್‌ಗೆ 2004ರಲ್ಲಿ ಅಮೆರಿಕದಲ್ಲಿ ಮೊದಲ ಅನುಮತಿ ಸಿಕ್ಕಿದ್ದೇ ಹರಡಿದ ಕರುಳಿನ ಕ್ಯಾನ್ಸರ್‌ಗೆ. ಅನುಮತಿ ತಂದುಕೊಟ್ಟ ಪ್ರಯೋಗದಲ್ಲಿ ಬರೀ ಕಿಮೋ ಪಡೆದವರ ಮಧ್ಯಕ ಆಯುಷ್ಯ 15.6 ತಿಂಗಳು, ಜೊತೆಗೆ ಈ ಔಷಧಿಯನ್ನೂ ಪಡೆದವರದು 20.3 ತಿಂಗಳು. ಹರಡದ ಗಡ್ಡೆ ತೆಗೆದ ಮೇಲೆ ಮರಳದಿರಲೆಂದು ಕೊಟ್ಟ ಪ್ರಯೋಗಗಳಲ್ಲಿ ಅದೇ ಔಷಧಿಯಿಂದ ಲಾಭವಾಗಲಿಲ್ಲ. ಯಾರಿಗೆ ಫಲಿಸುತ್ತದೆ ಎಂದು ಮುಂಚೆಯೇ ಹೇಳುವ ಒಂದು ನಂಬಲರ್ಹ ಸುಳಿವು ಇಪ್ಪತ್ತು ವರ್ಷ ಕಳೆದರೂ ಸಿಕ್ಕಿಲ್ಲ. ದುಬಾರಿ ಔಷಧಿ, ರಕ್ತಸ್ರಾವದಂಥ ಅಡ್ಡಪರಿಣಾಮಗಳೂ ಇವೆ. ಆದರೂ ಕೊಟ್ಟು ನೋಡುವುದೇ ದಾರಿಯಾಗಿದೆ.

ಇನ್ನೊಂದು ಟಿರಪಜಮೈನ್. ಆಮ್ಲಜನಕವಿಲ್ಲದ ಕೋಶದಲ್ಲಿ ಮಾತ್ರ ವಿಷವಾಗುವ ಔಷಧಿ. ತಲೆ-ಕುತ್ತಿಗೆ ಕ್ಯಾನ್ಸರ್‌ನ 861 ರೋಗಿಗಳ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2010ರಲ್ಲಿ ಬಂದಾಗ ಲಾಭ ಕಾಣಲಿಲ್ಲ. ಅದಕ್ಕೂ ಮುಂಚಿನ ಒಂದು ಚಿಕ್ಕ ಅಧ್ಯಯನದಲ್ಲಿ ಪಿಇಟಿ ಸ್ಕ್ಯಾನ್‌ನಿಂದ ಕೊರತೆ ಇದೆಯೆಂದು ಕಂಡವರಿಗೆ ಅದೇ ಔಷಧಿ ಉಪಯುಕ್ತವೆಂದು ತೋರಿತ್ತು. ದೊಡ್ಡ ಪ್ರಯೋಗದಲ್ಲಿ ಆ ಆಯ್ಕೆ ಮಾಡದೆ ಎಲ್ಲರಿಗೂ ಕೊಟ್ಟರು. ಉಸಿರುಗಟ್ಟಿದ ಗಡ್ಡೆಗೆಂದು ಮಾಡಿದ ಔಷಧಿಯನ್ನು ಗಡ್ಡೆಗೆ ಉಸಿರುಗಟ್ಟಿದೆಯೇ ಎಂದು ನೋಡದೆ ಕೊಟ್ಟರೆ ಯಾವ ಔಷಧಿಯೂ ಸೋಲುತ್ತದೆ.

ದಾರಿ ಮುಚ್ಚಿಲ್ಲ. ಹಿಫ್-2 ಅನ್ನೇ ತಡೆಯುವ ಬೆಲ್ಜುಟಿಫ್ಯಾನ್ ಮಾತ್ರೆಗೆ 2021ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದು ವಿಎಚ್‌ಎಲ್ ಜೀನ್ ಹುಟ್ಟಿನಿಂದಲೇ ಕೆಟ್ಟಿರುವವರ ಗಡ್ಡೆಗಳಿಗೆ. ಅಲ್ಲಿ ಕಾರಣ ಯಾವುದೆಂಬುದು ಖಚಿತವಾಗಿತ್ತು, ಔಷಧಿ ಕೆಲಸ ಮಾಡಿತು. ಕರುಳಿನ ವಿಷಯದಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಇಲಿಗಳಲ್ಲಿ ಕಂಡದ್ದು ಕುತೂಹಲದ್ದು. ಹಿಫ್-2 ಗಡ್ಡೆಯೊಳಕ್ಕೆ ಕಬ್ಬಿಣ ಸೆಳೆಯುವ ಜೀನ್‌ಗಳನ್ನು ಎಬ್ಬಿಸಿ ಅದರ ಬೆಳವಣಿಗೆಗೆ ಇಂಬು ಕೊಡುತ್ತದೆ. ಇದು ಮನುಷ್ಯರ ಚಿಕಿತ್ಸೆಯಾಗಲು ಇನ್ನೂ ಹಲವು ಹಂತಗಳಿವೆ.

ಈ ವಿಷಯ ಮನೆಮನೆಯ ಮೊಬೈಲ್‌ಗೆ ಬೇರೆ ರೂಪದಲ್ಲಿ ಬರುತ್ತಿರುವುದರಿಂದ ಒಂದು ಮಾತು. ‘ಕ್ಯಾನ್ಸರ್‌ಗೆ ಆಮ್ಲಜನಕದ ಕೊರತೆಯೇ ಕಾರಣ ಎಂದು ಸಾಧಿಸಿ ಆಟೊ ವಾರ್‌ಬರ್ಗ್ ನೊಬೆಲ್ ಪಡೆದರು, ಆದ್ದರಿಂದ ಕ್ಷಾರೀಯ ನೀರು ಕುಡಿಯಿರಿ, ದೀರ್ಘ ಉಸಿರಾಟ ಮಾಡಿ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಹಲವರು ನೋಡಿರಬಹುದು. ವಾರ್‌ಬರ್ಗ್‌ಗೆ 1931ರಲ್ಲಿ ನೊಬೆಲ್ ಬಂದದ್ದು ಕೋಶಗಳ ಉಸಿರಾಟದ ಕಿಣ್ವವನ್ನು ಕುರಿತ ಕೆಲಸಕ್ಕೆ. ಕ್ಯಾನ್ಸರ್ ಕೋಶಗಳು ಆಮ್ಲಜನಕ ಇದ್ದಾಗಲೂ ಸಕ್ಕರೆಯನ್ನು ಅರೆಬರೆ ಉರಿಸುತ್ತವೆ ಎಂದು ಅವರು ಕಂಡಿದ್ದರು. ಕೊರತೆ ಇರುವುದು ಗಡ್ಡೆಯೊಳಗೆ, ಕೆಟ್ಟ ರಕ್ತನಾಳಗಳಿಂದಾಗಿ. ರಕ್ತದಲ್ಲಲ್ಲ. ಕೋವಿಡ್ ಕಾಲದಿಂದ ಮನೆಗಳಲ್ಲಿ ಉಳಿದಿರುವ ಬೆರಳಿನ ಆಕ್ಸಿಮೀಟರ್ 98 ತೋರಿಸಿದರೆ ಕರುಳಿನ ಗಡ್ಡೆಯ ಬಗ್ಗೆ ಅದರಿಂದ ಏನೂ ತಿಳಿಯದು. ನಾರಿರುವ ಊಟ ಕರುಳಿಗೆ ಒಳ್ಳೆಯದೇ. ಆದರೆ ಅದು ಚಿಕಿತ್ಸೆಗೆ ಬದಲಿಯಲ್ಲ.

ವರದಿ ಕೈಯಲ್ಲಿ ಹಿಡಿದವರು ವೈದ್ಯರನ್ನು ಇವತ್ತು ಕೇಳಬೇಕಾದದ್ದು ಹಿಫ್ ಎಷ್ಟಿದೆ ಎಂದಲ್ಲ. ಡಿಎನ್‌ಎ ದುರಸ್ತಿಯ ಪರೀಕ್ಷೆ ಆಗಿದೆಯೇ, ಕಾಯಿಲೆ ಹರಡಿದ್ದರೆ ಕೆಆರ್‌ಎಎಸ್ ನೋಡಿದ್ದಾರೆಯೇ ಎಂದು ಕೇಳಿದರೆ ಪ್ರಯೋಜನವಿದೆ. ದುರಸ್ತಿ ವ್ಯವಸ್ಥೆ ಕೆಟ್ಟ ಗಡ್ಡೆಗೆ ಇಮ್ಯುನೊಥೆರಪಿ ಹಿಡಿಸುವ ಸಾಧ್ಯತೆ ಹೆಚ್ಚು, ಕೆಆರ್‌ಎಎಸ್ ಕೆಟ್ಟಿದ್ದರೆ ಸೆಟುಕ್ಸಿಮ್ಯಾಬ್ ಎಂಬ ಔಷಧಿ ಸಾಮಾನ್ಯವಾಗಿ ವ್ಯರ್ಥ. ಈ ಎರಡು ಪರೀಕ್ಷೆಗಳು ವರದಿಯಲ್ಲಿ ಜಾಗ ಪಡೆದದ್ದು ಅವು ಕುತೂಹಲಕರ ಎಂಬುದಕ್ಕಲ್ಲ. ಉತ್ತರ ಹೌದೆಂದು ಬಂದರೆ ಒಂದು ಔಷಧಿ, ಇಲ್ಲವೆಂದು ಬಂದರೆ ಇನ್ನೊಂದು ಎಂದು ಅವು ನಿರ್ಧಾರವನ್ನು ಬದಲಿಸುತ್ತವೆ.

ಆಮ್ಲಜನಕದ ಸುಳಿವುಗಳು ದಾಟಬೇಕಾದದ್ದೂ ಇದೇ ಮಿತಿಯನ್ನು. ಇಂಥ ಗಡ್ಡೆ ಕೆಟ್ಟದ್ದು ಎಂದು ಅವು ಈಗಾಗಲೇ ಹೇಳುತ್ತಿವೆ. ಕೆಟ್ಟದ್ದೆಂದು ತಿಳಿದ ಮೇಲೆ ಬೇರೆ ಏನು ಮಾಡಬೇಕು ಎಂದು ಹೇಳುವ ದಿನ ಬಂದಾಗ ವರದಿಯಲ್ಲಿ ಆ ಸಾಲು ತಾನಾಗಿ ಸೇರುತ್ತದೆ. ಅಲ್ಲಿಯವರೆಗೆ ಅದು ಇಲ್ಲದಿರುವುದು ವೈದ್ಯರ ಅಲಕ್ಷ್ಯವಲ್ಲ, ಅವರ ಎಚ್ಚರ.